ಅಂಗುಳಿನ ಗೇಟು

ಬಾಯಿಯಿಂದ ಒಳಗೆ ಹೋದ ಕಾಫಿ ಮೂಗಿನಿಂದ ಹೊರಗೆ ಬರಲು ಎರಡೇ ಕಾರಣಗಳಿರುತ್ತವೆ ಎಂದು ನಾನು ಅರವತ್ತೊಂಬತ್ತು ವರ್ಷ ನಂಬಿಕೊಂಡಿದ್ದೆ. ಕುಡಿಯುವಾಗ ಯಾರಾದರೂ ನಗಿಸಿರಬೇಕು. ಇಲ್ಲವೇ ಕುಡಿಯುವವನಿಗೆ ಇನ್ನೂ ಆರು ವರ್ಷ ತುಂಬಿರಬಾರದು. ಕಳೆದ ಮಾರ್ಚಿ ತಿಂಗಳ ಒಂದು ಬೆಳಿಗ್ಗೆ, ಗಂಗಾನಗರದ ನಮ್ಮ ಮನೆಯ ವರಾಂಡದಲ್ಲಿ, ಈ ಎರಡರಲ್ಲಿ ಒಂದೂ ಇಲ್ಲದೆ ನನ್ನ ಕಾಫಿ ಮೂಗಿನ ದಾರಿ ಹಿಡಿಯಿತು. ಕೈಯಲ್ಲಿದ್ದದ್ದು ದಿನಪತ್ರಿಕೆ. ಅದರಲ್ಲಿ ನಗುವಂಥದ್ದೇನೂ ಇರಲಿಲ್ಲ.

ಪಂಚೆಯ ತುದಿಯಿಂದ ಮೂಗೊರೆಸಿಕೊಳ್ಳುವಷ್ಟರಲ್ಲಿ ನನ್ನ ಹೆಂಡತಿ ಸರೋಜಾ ಬಾಗಿಲಿಗೆ ಬಂದಳು. ಅವಳದು ಧಾರವಾಡ, ನನ್ನದು ಗದಗು. ಬೆಂಗಳೂರಿಗೆ ಬಂದು ನಲವತ್ತು ವರ್ಷವಾದರೂ ಅವಳ ನಾಲಿಗೆ ಇನ್ನೂ ಧಾರವಾಡದ ವಿಳಾಸದಲ್ಲೇ ಇದೆ.

‘ಏನ್ರೀ, ಒಬ್ರೇ ಕೂತು ನಗ್ಲಿಕ್ಕೆ ಹತ್ತೀರಿ?’

‘ಹೂಂ’ ಎಂದೆ.

ಈ ಪ್ರಕರಣದಲ್ಲಿ ನಾನು ಆಡಿದ ಮೊದಲ ಸುಳ್ಳು ಇದು. ಆಡಿದ್ದು ಹೆದರಿ. ಹೆದರಿದ ಮನುಷ್ಯ ಕೂಗಿಕೊಳ್ಳುತ್ತಾನೆ ಎನ್ನುವುದು ಚಿಲ್ಲರೆ ಹೆದರಿಕೆಗಳಿಗೆ ಸಂಬಂಧಿಸಿದ ಮಾತು. ಜಿರಳೆ ಕಂಡರೆ ಕೂಗಬಹುದು. ಸಗಟು ಹೆದರಿಕೆ ಬಂದಾಗ ಮರ್ಯಾದಸ್ಥ ಗೃಹಸ್ಥನು ಮೂಗೊರೆಸಿಕೊಂಡು ಪತ್ರಿಕೆಯ ಎರಡನೆಯ ಪುಟ ತಿರುವುತ್ತಾನೆ.

ಅದಕ್ಕೂ ಕೆಲವು ವಾರ ಮುಂಚಿನಿಂದಲೇ ನನ್ನ ದನಿಯಲ್ಲಿ ಏರುಪೇರು ಶುರುವಾಗಿತ್ತು. ಬೆಳಿಗ್ಗೆ ಎದ್ದಾಗ ಸರಿಯಾಗಿಯೇ ಇರುತ್ತಿತ್ತು. ಒಂದೇ ಸಮನೆ ಹತ್ತು ನಿಮಿಷ ಮಾತಾಡಿದೆನೋ, ನಿಧಾನವಾಗಿ ಜಾರಿ ಮೂಗಿನೊಳಗೆ ಹೋಗಿ ಕೂತುಬಿಡುತ್ತಿತ್ತು. ಸ್ವಲ್ಪ ಹೊತ್ತು ಸುಮ್ಮನಿದ್ದರೆ ಮತ್ತೆ ಕೆಳಗಿಳಿಯುತ್ತಿತ್ತು. ಬಡಾವಣೆಯ ಡಾಕ್ಟರು, ‘ಸೀಸನ್ ಸಾರ್, ಇಡೀ ಆರ್.ಟಿ. ನಗರಕ್ಕೇ ನೆಗಡಿ’ ಎಂದು ಮಾತ್ರೆ ಬರೆದುಕೊಟ್ಟಿದ್ದರು. ಊರಿಗೆಲ್ಲ ಬಂದ ನೆಗಡಿಯಲ್ಲಿ ನಮಗೂ ಒಂದು ಪಾಲು ಸಿಕ್ಕಿತಲ್ಲ ಎಂದು ನಾನೂ ಸಮಾಧಾನಪಟ್ಟಿದ್ದೆ. ಆದರೆ ನೆಗಡಿಯಲ್ಲಿ ಮೂಗು ಕಟ್ಟಿಕೊಳ್ಳುತ್ತದೆ. ನನ್ನದು ಕಟ್ಟಿರಲಿಲ್ಲ, ತೆರೆದುಕೊಂಡಿತ್ತು. ಕಾಫಿ ಹಾದುಹೋಗುವಷ್ಟು.

ಅದೇ ದಿನ ಸರೋಜಾ ತರಕಾರಿಗೆ ಹೋದಾಗ, ಮೊಬೈಲಿನ ಟಾರ್ಚು ಹಿಡಿದುಕೊಂಡು ಸ್ನಾನದ ಮನೆಯ ಕನ್ನಡಿಯ ಮುಂದೆ ಬಾಯಿ ತೆರೆದೆ. ಸ್ವಂತ ಬಾಯನ್ನು ಅಷ್ಟು ಒಳಗಿನವರೆಗೆ ನಾನು ನೋಡಿದ್ದು ಅದೇ ಮೊದಲು. ಬಾಯಿಯ ಸೂರಿಗೆ ಅಂಗುಳು ಎನ್ನುತ್ತಾರಷ್ಟೆ. ಮುಂಭಾಗ ಮೂಳೆಯದು, ಆರ್‌ಸಿಸಿ ತಾರಸಿಯ ಹಾಗೆ ಗಟ್ಟಿ. ನಾಲಿಗೆಯ ತುದಿಯನ್ನು ಹಿಂದಕ್ಕೆ ಸವರುತ್ತ ಹೋದರೆ ಒಂದು ಕಡೆ ತಾರಸಿ ಮುಗಿದು ಶಾಮಿಯಾನ ಶುರುವಾಗುತ್ತದೆ. ಅದು ಮೆತ್ತನೆಯ ಅಂಗುಳು. ಮೂಳೆಯ ಹಂಗಿಲ್ಲದ ಬರೀ ಸ್ನಾಯು. ಅದರ ನಡುವಿನಿಂದ ಕಿರುನಾಲಿಗೆ ನೇತಾಡುತ್ತಿರುತ್ತದೆ. ನೋಡಿದವರೆಲ್ಲ ನೋಡುವುದು ನೇತಾಡುವುದನ್ನೇ. ಕೆಲಸ ಮಾಡುವುದು ಮಾತ್ರ ಶಾಮಿಯಾನ. ಸಭೆ ಸಮಾರಂಭಗಳಲ್ಲೂ ಹೀಗೇ ಅಲ್ಲವೇ?

‘ಆ’ ಎಂದೆ. ಎಂದ ಕೂಡಲೇ ಶಾಮಿಯಾನ ಮೇಲೇಳಬೇಕು. ಎದ್ದಿತು, ಆದರೆ ಸೋಮವಾರ ಬೆಳಿಗ್ಗೆ ಗುಮಾಸ್ತ ಕುರ್ಚಿಯಿಂದ ಏಳುವ ಹಾಗೆ ಎದ್ದಿತು. ಏಳೆಂಟು ಸಲ ‘ಆ’ ಎನ್ನುವಷ್ಟರಲ್ಲಿ ಏಳುವುದನ್ನೇ ಬಿಟ್ಟಿತು. ನಾನು ಬಾಯಿ ಮುಚ್ಚಿ ಟಾರ್ಚು ಆರಿಸಿದೆ.

ಯಶವಂತಪುರದ ಒಂದು ಕಾರ್ಖಾನೆಯ ಕಚೇರಿಯಲ್ಲಿ ಮೂವತ್ತನಾಲ್ಕು ವರ್ಷ ಕಡತ ನೋಡಿದವನು ನಾನು. ಎಲ್ಲಿ ಏನು ಅವಘಡವಾದರೂ ಮೊದಲು ಆ ವಿಭಾಗದ ಸಿಬ್ಬಂದಿಯ ಪಟ್ಟಿ ತರಿಸಿ ನೋಡುವುದು ಅಭ್ಯಾಸ. ಅಂಗುಳಿನ ಪಟ್ಟಿಯನ್ನೂ ಓದಿ ತಿಳಿದುಕೊಂಡೆ. ಸಿಬ್ಬಂದಿ ಐದು ಜೋಡಿ. ಮೇಲಕ್ಕೆತ್ತುವ ಜೋಡಿಯೇ ಮುಖ್ಯಾಧಿಕಾರಿ. ಅಗಲಕ್ಕೆ ಬಿಗಿದು ಹಿಡಿಯುವುದು ಇನ್ನೊಂದು. ಆಕಳಿಸಿದಾಗ ಕಿವಿ ಟಪ್ಪೆನ್ನುತ್ತದಲ್ಲ, ಅದು ಈ ಜೋಡಿಯ ಹೆಚ್ಚುವರಿ ಹೊಣೆ. ಕೆಳಕ್ಕೆ ಎಳೆಯುವವರು ಎರಡು ಜೋಡಿ, ಒಂದು ನಾಲಿಗೆಯ ಕಡೆಗೆ, ಮತ್ತೊಂದು ಗಂಟಲಿನ ಗೋಡೆಯ ಕಡೆಗೆ. ಕಿರುನಾಲಿಗೆಯೊಳಗೆ ಕೊನೆಯದೊಂದು ಪುಟ್ಟ ಜೋಡಿ ಇದೆ. ಬಾಗಿಲು ಮುಚ್ಚಿದ ಮೇಲೆ ಉಳಿದ ಸಂದಿಗೆ ಬೆಣೆ ಕೊಡುವುದಷ್ಟೇ ಅದರ ಕರ್ತವ್ಯ.

ಇವರೆಲ್ಲ ಸೇರಿ ಮಾಡುವ ಕೆಲಸ ಏನೆಂದು ತಿಳಿಯಬೇಕಾದರೆ ಕೊಡಿಗೇಹಳ್ಳಿಯ ರೈಲ್ವೆ ಗೇಟನ್ನು ನೆನೆಸಿಕೊಳ್ಳಿ. ಬಾಯಿಗೂ ಮೂಗಿಗೂ ನಡುವೆ ಅಂಥದ್ದೇ ಒಂದು ಗೇಟು ಈ ಅಂಗುಳು. ಸುಮ್ಮನೆ ಉಸಿರಾಡುತ್ತಿರುವಾಗ ತೆರೆದಿರುತ್ತದೆ. ಮಾತು ಬರುತ್ತಿದೆ ಎಂದ ಕೂಡಲೇ ಮೇಲೆದ್ದು ಹಿಂದಿನ ಗೋಡೆಗೆ ಒತ್ತಿ ಮೂಗಿನ ದಾರಿಯನ್ನು ಮುಚ್ಚಬೇಕು. ಕ ಎನ್ನಲು, ಪ ಎನ್ನಲು, ಸ ಎನ್ನಲು ಉಸಿರೆಲ್ಲ ಬಾಯಿಯಲ್ಲೇ ಒತ್ತಿ ನಿಲ್ಲಬೇಕು. ಮೂಗಿಗೆ ಸೋರಿತೋ, ಪಂಕ್ಚರಾದ ಟಯರಿಗೆ ಗಾಳಿ ಹೊಡೆದ ಹಾಗೆ. ಙ, ಞ, ಣ, ನ, ಮ ಈ ಐವರು ಬಂದಾಗ ಮಾತ್ರ ಗೇಟು ತೆಗೆದು ಮೂಗಿನ ಕಡೆಗೆ ಬಿಡಬೇಕು. ಹಿಂದಿನ ವೈಯಾಕರಣರು ಟಾರ್ಚಿಲ್ಲದ ಕಾಲದಲ್ಲಿ ಇದನ್ನು ಕಂಡುಕೊಂಡು, ವರ್ಣಮಾಲೆಯ ಒಂದೊಂದು ಸಾಲಿನ ಕೊನೆಗೂ ಒಬ್ಬೊಬ್ಬ ಮೂಗಿನವನನ್ನು ಕೂರಿಸಿ ಹೋಗಿದ್ದಾರೆ. ‘ಅಮ್ಮ, ಅಡಿಗೆ ಮುಗೀತಾ?’ ಎಂದು ಕೇಳಿ ನೋಡಿ. ಇಷ್ಟು ಸಣ್ಣ ಪ್ರಶ್ನೆಗೆ ಗೇಟು ಮುಚ್ಚಿ, ತೆರೆದು, ಮುಚ್ಚಿ, ತೆರೆದು, ಮತ್ತೆ ಮುಚ್ಚುತ್ತದೆ. ಅಡಿಗೆ ಮುಗಿದಿರುವುದೇ ಇಲ್ಲ, ಅದು ಬೇರೆ ಮಾತು. ಯಾವ ರೈಲ್ವೆ ಗೇಟಿನವನೂ ಇಂಥ ನೌಕರಿಯನ್ನು ಒಪ್ಪಿಕೊಳ್ಳಲಾರ.

ಗೇಟು ಮುಚ್ಚದೇ ಹೋದರೆ ಏನಾಗುತ್ತದೆ ಎಂಬುದನ್ನು ನಾನು ಪುಸ್ತಕದಿಂದ ತಿಳಿಯಬೇಕಾಗಿರಲಿಲ್ಲ. ಅಮ್ಮ ಉಳಿಯುತ್ತಾಳೆ, ಅಪ್ಪ ಹೋಗುತ್ತಾನೆ. ನಾನು, ನೀನು, ಮನೆ, ಅನ್ನ ಇವೆಲ್ಲ ಹೆಚ್ಚುಕಡಿಮೆ ಉಳಿಯುತ್ತವೆ. ಅಕ್ಕ, ಅಜ್ಜಿ, ದೋಸೆ, ದೇವರು ಸೋರಿಹೋಗುತ್ತಾರೆ. ‘ಸರೋಜಾ’ ಎಂಬ ಹೆಸರಿನಲ್ಲಿ ಒಂದಾದರೂ ಮೂಗಿನ ಅಕ್ಷರ ಇರಬಾರದಿತ್ತೇ? ಮದುವೆಗೆ ಮುಂಚೆ ಎಂಟು ಬಗೆಯ ಕೂಟ ನೋಡಿದ ಜೋಯಿಸರು ಇದೊಂದನ್ನು ನೋಡಲಿಲ್ಲ.

ಸಂಪೂರ್ಣವಾಗಿ ಸುರಕ್ಷಿತವಾಗಿದ್ದದ್ದು ‘ಹೂಂ’ ಒಂದೇ. ಅದಕ್ಕೆ ಗೇಟು ಮುಚ್ಚಬೇಕಾಗಿಲ್ಲ, ಬಾಯಿಯನ್ನೂ ತೆರೆಯಬೇಕಾಗಿಲ್ಲ. ಗೃಹಸ್ಥರಿಗಾಗಿಯೇ ಮಾಡಿಟ್ಟ ಮಾತು. ನಾನು ಮನೆಯಲ್ಲಿ ಎಲ್ಲದಕ್ಕೂ ‘ಹೂಂ’ ಎನ್ನತೊಡಗಿದೆ. ಅಡುಗೆಮನೆಗೆ ಹೊಸ ಕಪಾಟು ಮಾಡಿಸುವುದೇ? ಹೂಂ. ಅವಳ ತಮ್ಮ ಎರಡು ವಾರ ಬಂದು ಇರುವುದೇ? ಹೂಂ. ‘ವಯಸ್ಸಾದಮ್ಯಾಲ ಬುದ್ಧಿ ಬಂದದ ನೋಡ ಇವರಿಗೆ’ ಎಂದು ಅವಳು ತಂಗಿಗೆ ಫೋನಿನಲ್ಲಿ ಹೇಳುವುದು ಕೇಳಿಸಿತು. ಬುದ್ಧಿಯಲ್ಲ, ಭಯ ಎಂದು ತಿದ್ದೋಣವೆಂದರೆ ಅದಕ್ಕೂ ಗೇಟು ಮುಚ್ಚಬೇಕಿತ್ತು.

ಯಾವುದರ ಭಯ ಎಂದು ನೀವು ಕೇಳಬಹುದು. ಸಾವಿನದಲ್ಲ. ಸಾವಿನ ಜೊತೆಗೆ ನನಗೆ ಒಂದು ರೀತಿಯ ಕಚೇರಿ ಸಂಬಂಧವಿತ್ತು, ಅದನ್ನು ಈಗಲೇ ಹೇಳುತ್ತೇನೆ. ನನ್ನ ಭಯ ಗೋಪಾಲರಾಯರದು. ಅವರು ಕಾರ್ಖಾನೆಯಲ್ಲಿ ನನ್ನ ಪಕ್ಕದ ಮೇಜಿನವರು. ಲಕ್ವ ಹೊಡೆದು ಮಾತು ಹೋಗಿತ್ತು. ಕಚೇರಿಯವರೆಲ್ಲ ಹಣ್ಣು ಹಿಡಿದುಕೊಂಡು ನೋಡಲು ಹೋಗಿದ್ದೆವು. ಅವರ ಮಂಚದ ಪಕ್ಕದಲ್ಲೇ ನಿಂತು ಅವರ ಮಗನನ್ನು ಕೇಳಿದೆವು: ‘ಊಟ ಮಾಡ್ತಾರಾ? ನಾವು ಬಂದದ್ದು ಗೊತ್ತಾಗತ್ತಾ?’ ರಾಯರು ನಮ್ಮನ್ನು ಒಬ್ಬೊಬ್ಬರನ್ನಾಗಿ ನೋಡುತ್ತಿದ್ದರು. ಮಾತು ಹೋದವನ ಎದುರಿಗೆ ಜನ ಅವನು ಅಲ್ಲಿಲ್ಲವೆಂಬಂತೆ ಮಾತಾಡುತ್ತಾರೆ. ಹಾಗೆ ಮಾತಾಡಿದವರಲ್ಲಿ ನಾನೂ ಒಬ್ಬ. ಅವರು ನೋಡಿದ ಆ ನೋಟ ಈಗ ಎದ್ದು ಬಂದು ನನ್ನ ಎದುರಿಗೆ ಕೂರುತ್ತಿತ್ತು.

ದಿನಾ ಮಧ್ಯಾಹ್ನ ಸರೋಜಾ ಅಡ್ಡಾದ ಮೇಲೆ ತಾರಸಿಗೆ ಹೋಗಿ, ನೀರಿನ ಟ್ಯಾಂಕಿನ ಮರೆಯಲ್ಲಿ ನಿಂತು ಪತ್ರಿಕೆಯ ಸಂಪಾದಕೀಯವನ್ನು ಗಟ್ಟಿಯಾಗಿ ಓದುತ್ತಿದ್ದೆ. ಎಷ್ಟನೆಯ ಸಾಲಿಗೆ ದನಿ ಜಾರುತ್ತದೆ ಎಂದು ನೋಡುವುದು. ಮೊದಲ ವಾರ ಮೂವತ್ತನೆಯ ಸಾಲಿನವರೆಗೆ ಹೋದೆ. ಮರುವಾರ ಇಪ್ಪತ್ತೆರಡು. ಏಪ್ರಿಲ್ ಹುಟ್ಟುವ ಹೊತ್ತಿಗೆ ಹದಿನಾಲ್ಕು. ಸಂಪಾದಕರು ದೇಶದ ಬಗ್ಗೆ ಏನು ಕಳವಳಪಟ್ಟಿದ್ದರೋ ಒಂದೂ ನೆನಪಿಲ್ಲ. ನನ್ನ ಕಳವಳವೇ ಸಾಕಾಗಿತ್ತು.

ಈಗ ಸಾವಿನ ಸಂಬಂಧಕ್ಕೆ ಬರುತ್ತೇನೆ. ನಮ್ಮ ಬಡಾವಣೆಯಲ್ಲಿ ಯಾರೇ ತೀರಿಕೊಂಡರೂ ಹದಿಮೂರನೆಯ ದಿನ ಮನೆ ಮುಂದಿನ ರಸ್ತೆಗೆ ಶಾಮಿಯಾನ ಹಾಕಿ, ತೀರಿಕೊಂಡವರ ಫೋಟೋಗೆ ಗಂಧದ ಹಾರ ಹಾಕಿ, ಊಟಕ್ಕೆ ಮುಂಚೆ ‘ನುಡಿನಮನ’ ಇಟ್ಟುಕೊಳ್ಳುವುದು ವಾಡಿಕೆ. ಬಲ್ಲವರು ಎದ್ದು ಎರಡು ಮಾತಾಡಬೇಕು. ಬಲ್ಲವರಿಗೆ ಮೈಕು ಕಂಡರೆ ಅಂಜಿಕೆ. ಹೀಗಾಗಿ ಏನೂ ಅರಿಯದ ನನಗೆ ಈ ಹುದ್ದೆ ಒದಗಿ ಬಂದು ಹದಿನೈದು ವರ್ಷವಾಗಿತ್ತು. ಕರೆಯಲು ಬರುತ್ತಿದ್ದವರು ನಿವಾಸಿಗಳ ಸಂಘದ ಕಾರ್ಯದರ್ಶಿ ಮುನಿರಾಜು. ಇಲ್ಲೆಲ್ಲ ಹೊಲವಿದ್ದ ಕಾಲದಿಂದ ಇರುವ ಮನೆತನದವರು. ನನ್ನ ಭಾಷಣಕ್ಕೆ ಒಂದು ಅಚ್ಚು ಇತ್ತು: ಅಗಲಿದವರ ಸರಳತೆ, ಅಗಲಿದವರ ಸಮಯಪಾಲನೆ, ಅಗಲಿದವರು ನನ್ನ ಹೆಗಲ ಮೇಲೆ ಕೈಯಿಟ್ಟು ಆಡಿದ ಒಂದು ಮಾತು. ಹೆಸರು ಬದಲಾಯಿಸಿದರೆ ಸಾಕು. ಹದಿನೈದು ವರ್ಷದಲ್ಲಿ ನನ್ನ ಹೆಗಲ ಮೇಲೆ ಕೈಯಿಡದೆ ಸತ್ತವರು ನಮ್ಮ ಬಡಾವಣೆಯಲ್ಲಿ ಯಾರೂ ಇಲ್ಲ.

ಏಪ್ರಿಲ್‌ನಲ್ಲಿ ಪಕ್ಕದ ರಸ್ತೆಯ ರಂಗಸ್ವಾಮಿ ತೀರಿಕೊಂಡರು. ಅವರ ಕಾರು ನಮ್ಮ ಗೇಟಿಗೆ ಅಡ್ಡವಾಗಿ ನಿಲ್ಲುತ್ತಿದ್ದುದರಿಂದ ನಮಗೂ ಅವರಿಗೂ ಹನ್ನೊಂದು ವರ್ಷ ಮಾತಿರಲಿಲ್ಲ. ಆದರೂ ಹುದ್ದೆ ಹುದ್ದೆಯೇ. ಬೆಳಿಗ್ಗೆಯಿಂದ ಮೌನವ್ರತ ಮಾಡಿ ದನಿಯನ್ನು ಉಳಿಸಿಕೊಂಡು ಹೋದೆ. ಸರಳತೆ ಮುಗಿಯಿತು. ಸಮಯಪಾಲನೆಯ ನಡುವೆ ಅಂಗುಳು ಕೈಬಿಟ್ಟಿತು. ಮೈಕಿನಿಂದ ಹೊರಟ ನನ್ನ ದನಿ ಒದ್ದೆಯಾಗಿ, ಬಿಕ್ಕಿದಂತೆ, ಮೂಗಿನಿಂದ ಸೋರತೊಡಗಿತು. ಹೆದರಿ ನಿಲ್ಲಿಸಿದೆ. ಮತ್ತೆ ಶುರು ಮಾಡಿದೆ, ಮತ್ತೆ ನಿಂತಿತು. ‘ರಂಗಸ್ವಾಮಿಯವರು’ ಎಂದು ಹೇಳಲಾಗದೆ ಮೂರು ಸಲ ತಡವರಿಸಿ, ಕೈಮುಗಿದು ಕೂತುಬಿಟ್ಟೆ.

ಆಮೇಲೆ ಹೆಂಗಸರ ಸಾಲಿನಿಂದ ಅಳು ಕೇಳಿಸಿತು. ಗಂಡಸರು ಕನ್ನಡಕ ತೆಗೆದರು. ರಂಗಸ್ವಾಮಿಯವರ ಮಗ ಬಂದು ನನ್ನ ಕಾಲು ಹಿಡಿದುಕೊಂಡ. ‘ಅಪ್ಪನ್ನ ಇಷ್ಟು ಹಚ್ಕೊಂಡಿದ್ರಿ ಅಂತ ನಮಗ್ ಗೊತ್ತೇ ಇರ್ಲಿಲ್ಲ ಅಂಕಲ್.’ ನನಗೂ ಗೊತ್ತಿರಲಿಲ್ಲ. ಕೈತೊಳೆಯುವ ಹತ್ತಿರ ಮುನಿರಾಜು ನನ್ನನ್ನು ಹಿಡಿದರು.

‘ಏನ್ ಸಾ, ಇಂಗೆ ಅಳಿಸ್ಬುಟ್ರಿ ಎಲ್ರನ್ನೂವೆ. ನಮ್ಮಪ್ಪಂಗೂ ನೀವೇ ಮಾತಾಡ್ಬೇಕು.’

‘ನಿಮ್ಮ ತಂದೆಯವರು ಇದ್ದಾರಲ್ಲ?’ ಎಂದೆ, ಆದಷ್ಟು ಚಿಕ್ಕದಾಗಿ.

‘ಅವ್ರೆ ಸಾ, ಗಟ್ಟಿಯಾಗವ್ರೆ. ಈಗ್ಲೇ ಯೋಳಿಟ್ರೆ ಒಳ್ಳೇದಲ್ವಾ?’

ಹೀಗೆ ನನ್ನ ಅಂಗುಳು ಬಿದ್ದಷ್ಟೂ ನನ್ನ ಕೀರ್ತಿ ಎದ್ದಿತು. ಗಂಗಾನಗರದಲ್ಲಿ ಅಂಥ ಹೃದಯವಂತ ಇನ್ನೊಬ್ಬನಿಲ್ಲ ಎಂದಾಯಿತು. ನಿಜ ಹೇಳಬಹುದಿತ್ತು. ಆದರೆ ‘ಅದು ದುಃಖವಲ್ಲ ಸ್ವಾಮಿ, ಸ್ನಾಯು’ ಎಂದು ತಂದೆ ಕಳೆದುಕೊಂಡ ಹುಡುಗನಿಗೆ ಹೇಗೆ ಹೇಳುವುದು? ಅದಕ್ಕಿಂತ ಹೆಚ್ಚಾಗಿ, ಹೇಳಿದರೆ ಆ ಮಾತು ನನ್ನ ಕಿವಿಗೂ ಬೀಳುತ್ತಿತ್ತು. ಎಲ್ಲರೂ ಅಳು ಎಂದುಕೊಂಡಿರುವವರೆಗೆ ಅದು ರೋಗವಲ್ಲ. ಹೆದರಿದವನ ತರ್ಕಶಾಸ್ತ್ರ ಹೀಗೇ ಇರುತ್ತದೆ. ಅದರಲ್ಲಿ ಎಲ್ಲ ಬಗೆಯ ಪ್ರಮಾಣಗಳೂ ಇರುತ್ತವೆ, ಬುದ್ಧಿ ಮಾತ್ರ ಇರುವುದಿಲ್ಲ.

ಅಷ್ಟರಲ್ಲಿ ರೋಗ ತನ್ನ ಕಡತವನ್ನು ಮುಂದಕ್ಕೆ ತಳ್ಳುತ್ತಲೇ ಇತ್ತು. ಸಂಜೆಯಾದರೆ ಎಡಗಣ್ಣಿನ ರೆಪ್ಪೆ ಅಂಗಡಿಯ ಷಟರಿನ ಹಾಗೆ ಅರ್ಧ ಇಳಿಯುತ್ತಿತ್ತು. ಚಪಾತಿ ಅಗಿಯುತ್ತ ಅಗಿಯುತ್ತ ದವಡೆ ದಣಿಯುತ್ತಿತ್ತು. ನುಂಗುವ ಮುಂಚೆ ಒಂದು ಕ್ಷಣ ತಡೆದು, ಹೆಬ್ಬಾಳದ ಮೇಲ್ಸೇತುವೆಯಲ್ಲಿ ಯಾವ ಇಳಿಜಾರು ಹಿಡಿಯಬೇಕೆಂದು ತಿಳಿಯದ ಹೊಸ ಡ್ರೈವರಿನ ಹಾಗೆ ತುತ್ತಿಗೆ ದಾರಿ ತೋರಿಸಬೇಕಾಗುತ್ತಿತ್ತು. ಅಲ್ಲಿ ದಾರಿ ತಪ್ಪಿದರೆ ಏರ್‌ಪೋರ್ಟಿನ ಕಡೆ ಹೋಗಿ ತಿರುಗಿ ಬರಬಹುದು. ಇಲ್ಲಿ ತಿರುಗಿ ಬರುವ ಜಾಗವಿಲ್ಲ.

ಮೇ ತಿಂಗಳಲ್ಲಿ ಲೀಲಾವತಿ ಟೀಚರ್ ತೀರಿಕೊಂಡರು. ಬಡಾವಣೆಯ ಅರ್ಧ ಮಕ್ಕಳಿಗೆ ಅಕ್ಷರ ಕಲಿಸಿದವರು. ಅವರ ನುಡಿನಮನಕ್ಕೆ ಜನವೋ ಜನ. ಅರ್ಧ ಜನ ನನ್ನ ಅಳುವನ್ನು ಕೇಳಲು ಬಂದಿದ್ದರೆಂದರೆ ಟೀಚರಿಗೆ ಅವಮಾನ ಮಾಡಿದಂತಾಗುತ್ತದೆ, ಆದ್ದರಿಂದ ಹಾಗೆ ಹೇಳುವುದಿಲ್ಲ. ನಾಲ್ಕನೆಯ ನಿಮಿಷಕ್ಕೆ ದನಿ ಹೋಯಿತು, ಅಳು ಎದ್ದಿತು, ನಾನು ಕೂತೆ. ಅಲ್ಲಿಗೆ ಎಲ್ಲ ಸಾಂಗವಾಗಿ ನಡೆದಂತೆಯೇ. ಆಮೇಲೆ ಎಲೆ ಹಾಕಿದರು. ದಣಿದ ಗಂಟಲಿಗೆ ಎಲೆಯಲ್ಲಿದ್ದ ಶಾವಿಗೆ ಪಾಯಸ ಹಿತವಾಗಿರುತ್ತದೆ ಎನ್ನಿಸಿತು. ಒಂದು ಚಮಚ ಬಾಯಿಗಿಟ್ಟೆ.

ಅದು ಕೆಳಗೆ ಹೋಗಲಿಲ್ಲ. ಮೂಗಿನ ಕಡೆ ಅರ್ಧ, ಶ್ವಾಸನಾಳದ ಕಡೆ ಅರ್ಧ ಹೊರಟಿತು. ಕೆಮ್ಮಬೇಕು, ಕೆಮ್ಮಲು ಬಲವಿಲ್ಲ. ಉಸಿರು ಎಳೆದರೆ ಕೊರ್ರ್ ಎಂಬ ಸಣ್ಣ ಸದ್ದು. ಕಣ್ಣಿನಿಂದಲೂ ಮೂಗಿನಿಂದಲೂ ನೀರು. ಎಲೆಯ ಅಂಚನ್ನು ಗಟ್ಟಿಯಾಗಿ ಹಿಡಿದುಕೊಂಡೆ. ಎಡಗಡೆ ಕೂತಿದ್ದವರು ನನ್ನ ಬೆನ್ನು ಸವರಿದರು, ಬಹಳ ಮೃದುವಾಗಿ.

‘ಸಮಾಧಾನ ಮಾಡ್ಕೊಳ್ಳಿ ಸಾರ್. ಹೋದೋರು ಬರಲ್ಲ.’

ನಾನೂ ಅವರ ಹಿಂದೆಯೇ ಹೊರಟಿದ್ದೇನೆ ಎಂದು ಅವರಿಗೆ ತಿಳಿಸುವ ದಾರಿ ಇರಲಿಲ್ಲ. ಎದುರು ಸಾಲಿನವರೊಬ್ಬರು, ‘ಅಳ್ಲಿ ಬಿಡಿ, ಅತ್ತರೆ ಹಗುರಾಗತ್ತೆ’ ಎಂದರು. ಮುನಿರಾಜು ಕೈಯಲ್ಲಿ ಕೋಸಂಬರಿಯ ಪಾತ್ರೆ ಹಿಡಿದು ನಿಂತು, ನನ್ನನ್ನು ನೋಡಿ ತಾವೂ ಕಣ್ಣೊರೆಸಿಕೊಂಡರು. ಅಷ್ಟು ಜನರ ಕರುಣೆಯ ನಡುವೆ ಒಬ್ಬ ಮನುಷ್ಯ ಉಸಿರು ಕಟ್ಟಿ ಸಾಯಬಹುದು ಎಂದು ನನಗೆ ಆಗ ತಿಳಿಯಿತು. ಕಣ್ಣ ಮುಂದೆ ಬಾಳೆಲೆಯ ಹಸಿರು ಕಪ್ಪಾಗುತ್ತ ಬಂತು.

ಹೆಂಗಸರ ಪಂಕ್ತಿಯಿಂದ ಸರೋಜಾ ಎದ್ದು ಬಂದದ್ದು ನನಗೆ ಕಾಣಲಿಲ್ಲ, ಕೇಳಿಸಿತು.

‘ಸರೀರಿ, ಸರೀರಿ. ಇದು ಅಳು ಅಲ್ಲ. ನಲವತ್ತು ವರ್ಷ ನೋಡೀನಿ, ಇವರಿಗೆ ಅಳ್ಲಿಕ್ಕೆ ಬರಂಗಿಲ್ಲ.’

ಎಂಜಲು ಕೈಯನ್ನು ಸೆರಗಿಗೆ ಒರೆಸಿ, ನನ್ನನ್ನು ಮುಂದಕ್ಕೆ ಬಗ್ಗಿಸಿ, ಬೆನ್ನಿನ ಎರಡು ರೆಕ್ಕೆಮೂಳೆಗಳ ನಡುವೆ ಅಂಗೈಯ ಬುಡದಿಂದ ಗುದ್ದಿದಳು. ಒಂದು, ಎರಡು, ಮೂರು. ಧಾರವಾಡದವರ ಗುದ್ದು. ನಾಲ್ಕನೆಯದಕ್ಕೆ ಶಾವಿಗೆ ಎಲೆಯ ಮೇಲೆ ಬಿತ್ತು, ಉಸಿರು ಒಳಗೆ ಬಂತು.

ಮರುದಿನವೇ ದೊಡ್ಡ ಆಸ್ಪತ್ರೆ. ನರರೋಗದ ವೈದ್ಯೆ ನಮ್ಮ ಮಗಳ ವಯಸ್ಸಿನವರು. ಒಂದು ತಣ್ಣನೆಯ ಉಕ್ಕಿನ ಕನ್ನಡಿಯನ್ನು ನನ್ನ ಮೂಗಿನ ಕೆಳಗೆ ಹಿಡಿದು, ‘ತಾತ ಕಾಫಿ ಕೇಳಿದ, ಅನ್ನಿ ಅಂಕಲ್’ ಎಂದರು. ಅಂದೆ. ಕನ್ನಡಿ ಸ್ವಚ್ಛವಾಗಿತ್ತು. ಆ ವಾಕ್ಯದಲ್ಲಿ ಮೂಗಿಗೆ ಕೆಲಸವಿಲ್ಲ, ಗೇಟು ಮುಚ್ಚಿದ್ದರೆ ಕನ್ನಡಿಗೆ ಆವಿ ಹಿಡಿಯಬಾರದು. ‘ಈಗ ಒಂದರಿಂದ ನೂರರ ತನಕ ಜೋರಾಗಿ ಎಣಿಸ್ತಾ ಹೋಗಿ. ನಿಲ್ಲಿಸ್ಬೇಡಿ.’

ಎಣಿಸುವುದು ಶಿಶುವಿಹಾರದ ಕೆಲಸ ಎನ್ನಿಸಿ, ನಾನು ಮಗ್ಗಿ ಹಿಡಿದೆ. ಹದಿನೇಳರಿಂದ ಶುರು ಮಾಡಿದೆ. ಹದಿನೆಂಟು ದಾಟಿತು. ಹತ್ತೊಂಬತ್ತರ ಮಗ್ಗಿಯನ್ನು ತಪ್ಪಿಲ್ಲದೆ ಹೇಳುವವರು ನಮ್ಮ ಶಾಲೆಯಲ್ಲಿ ಇಬ್ಬರೇ ಇದ್ದೆವು, ಆ ಹೆಮ್ಮೆ ಆ ಹೊತ್ತಿನಲ್ಲೂ ಇತ್ತು. ಹತ್ತೊಂಬತ್ತಾರ್ಲ ನೂರ ಹದಿನಾಲ್ಕು ಎನ್ನುವಾಗ ದನಿ ಮೂಗಿಗೆ ಏರಿತು. ಏಳನೆಯದಕ್ಕೆ ನನ್ನ ಮಾತು ನನಗೇ ತಿಳಿಯದಾಯಿತು. ವೈದ್ಯೆ ಮತ್ತೆ ಕನ್ನಡಿ ಹಿಡಿದರು. ತಾತ ಕಾಫಿ ಕೇಳುವಷ್ಟರಲ್ಲಿ ಕನ್ನಡಿ ಪೂರ್ತಿ ಮಂಜಾಯಿತು. ಲೆಕ್ಕ ಸರಿ ಇತ್ತು, ಅಂಗುಳು ತಪ್ಪಿತ್ತು.

ಅವರು ಒಂದು ಮಾತ್ರೆ ನುಂಗಿಸಿ, ‘ಮುಕ್ಕಾಲು ಗಂಟೆ ಹೊರಗಡೆ ಕೂತಿರಿ. ಒಂದು ಮಾತೂ ಆಡ್ಬೇಡಿ. ಆಮೇಲೆ ನೋಡೋಣ’ ಎಂದರು. ಮಾತ್ರೆಗೆ ದನಿ ಮರಳಿದರೆ ಒಂದು ರೋಗ. ಮರಳದಿದ್ದರೆ ಬೇರೆ ಹೆಸರುಗಳಿವೆ ಎಂದರು. ಆ ಹೆಸರುಗಳನ್ನು ಹೇಳಲಿಲ್ಲ. ಹೇಳದ್ದರಿಂದಲೇ ಅವು ಎಷ್ಟು ದೊಡ್ಡವೆಂದು ಗೊತ್ತಾಯಿತು.

ಬೆಂಚಿನ ಮೇಲೆ ಇಬ್ಬರೂ ಕೂತೆವು. ಗೋಡೆಯ ಗಡಿಯಾರ ನಮ್ಮ ಎದುರಿಗೇ ಇತ್ತು. ಸರೋಜಾ ಅದನ್ನು ನೋಡುತ್ತಲೇ ಕೇಳಿದಳು: ‘ಯಾವಾಗಿಂದ?’

ಮೂರು ಬೆರಳು ತೋರಿಸಿದೆ.

‘ಮೂರು ದಿನ?’

ಅಲ್ಲವೆಂದು ತಲೆಯಾಡಿಸಿದೆ.

‘ಮೂರು ತಿಂಗಳಾ?’ ಅವಳು ಗಡಿಯಾರದಿಂದ ಕಣ್ಣು ತೆಗೆದು ನನ್ನ ಕಡೆ ತಿರುಗಿದಳು. ಆಮೇಲೆ ಹೇಳಿದಳು: ‘ಮೂರು ತಿಂಗಳು ಎಲ್ಲಾದಕ್ಕೂ ಹೂಂ ಹೂಂ ಅಂದ್ರಿ. ನಾ ಖುಷಿ ಆಗಿದ್ದೆ ನೋಡ್ರಿ, ಹುಚ್ಚಿ.’

ನನ್ನ ಜೀವಮಾನದಲ್ಲಿ ಉತ್ತರ ಕೊಡಲೇಬೇಕೆಂದು ಅಷ್ಟು ತೀವ್ರವಾಗಿ ಅನ್ನಿಸಿದ್ದು ಅದೊಂದೇ ಸಲ. ಮಾತಾಡಬಾರದೆಂದು ಆಜ್ಞೆಯಾಗಿತ್ತು. ಸತ್ತವರಿಗೆಲ್ಲ ಹತ್ತು ನಿಮಿಷ ಕೊಟ್ಟವನ ಹತ್ತಿರ ಪಕ್ಕದಲ್ಲಿ ಕೂತವಳಿಗೆ ಕೊಡಲು ಒಂದು ಅಕ್ಷರ ಇರಲಿಲ್ಲ. ದನಿ ಮರಳದಿದ್ದರೆ ನಾನು ಅವಳಿಗೆ ಆಡಿದ ಕಡೆಯ ಮಾತು ಯಾವುದಾಗುತ್ತದೆ ಎಂದು ಹಿಂದಕ್ಕೆ ಹುಡುಕಿದೆ. ಬೆಳಿಗ್ಗೆ ಮನೆಯಿಂದ ಹೊರಡುವಾಗ, ‘ಗ್ಯಾಸ್ ಆಫ್ ಮಾಡಿದ್ಯಾ?’ ಎಂದು ಕೇಳಿದ್ದೆ. ಅದರಲ್ಲೂ ಅರ್ಧ ಮೂಗಿನಿಂದ ಬಂದಿತ್ತು. ಸರೋಜಾ ನನ್ನ ಕೈಯನ್ನು ಹಿಡಿದು ತನ್ನ ಪರ್ಸಿನ ಕೆಳಗೆ ಇಟ್ಟುಕೊಂಡಳು, ಯಾರಿಗೂ ಕಾಣದ ಹಾಗೆ.

ಮುಕ್ಕಾಲು ಗಂಟೆಗೆ ಒಳಗೆ ಕರೆದರು. ಹತ್ತೊಂಬತ್ತರ ಮಗ್ಗಿ ಹತ್ತೊಂಬತ್ಹತ್ಲ ನೂರ ತೊಂಬತ್ತಕ್ಕೆ ಮುಟ್ಟಿತು. ಕನ್ನಡಿ ಒಣಗಿಯೇ ಇತ್ತು.

ರೋಗದ ಹೆಸರು ಮಯಾಸ್ತೇನಿಯಾ ಗ್ರೇವಿಸ್. ಯಾವುದೋ ರೋಮನ್ ರಾಣಿಯ ಹೆಸರಿನಂತಿದೆ, ಗತ್ತೂ ಹಾಗೆಯೇ. ನರ ಬರೆದ ಕಾಗದ ಸ್ನಾಯುವಿನ ಮನೆ ಬಾಗಿಲಿಗೆ ಬರುತ್ತದಂತೆ; ಆದರೆ ಅಲ್ಲಿದ್ದ ಅಂಚೆ ಡಬ್ಬಿಗಳನ್ನು ನಮ್ಮದೇ ದೇಹದ ಕಾವಲಿನವರು ಕಳ್ಳರದೆಂದು ತಿಳಿದು ಒಡೆದು ಹಾಕಿರುತ್ತಾರಂತೆ. ಮಾತ್ರೆಯ ಕೆಲಸ ಕಾಗದಗಳನ್ನು ಬಾಗಿಲಲ್ಲಿ ಇನ್ನಷ್ಟು ಹೊತ್ತು ಉಳಿಸುವುದು. ವಾಸಿಯಾಗುತ್ತದೆಯೇ ಎಂದು ಸರೋಜಾ ಕೇಳಿದಳು. ಹಿಡಿತದಲ್ಲಿ ಇಡಬಹುದು, ಕಾವಲಿನವರನ್ನು ಸುಮ್ಮನಾಗಿಸಲು ಬೇರೆ ಔಷಧಿಗಳೂ ಇವೆ, ನುಂಗುವುದಕ್ಕೋ ಉಸಿರಿಗೋ ತೊಂದರೆಯಾದರೆ ಒಂದು ಗಳಿಗೆಯೂ ಕಾಯದೆ ಬನ್ನಿ ಎಂದರು ವೈದ್ಯೆ. ಅಂದಿನಿಂದ ಪ್ರತಿ ತುತ್ತಿಗೂ ಮುಂಚೆ ಒಂದು ಸಣ್ಣ ಹೆದರಿಕೆ ನಮ್ಮ ಜೊತೆ ಊಟಕ್ಕೆ ಕೂರುತ್ತದೆ. ಅದಕ್ಕೆಂದು ಬೇರೆ ತಟ್ಟೆ ಹಾಕಿಲ್ಲ, ಅಷ್ಟೆ.

ಹುದ್ದೆಯನ್ನು ಬಿಡುತ್ತೇನೆಂದೆ. ಮುನಿರಾಜು ಒಪ್ಪಲಿಲ್ಲ. ‘ಬೇರೆ ಯಾರ್ ಸಾ ಅವ್ರೆ? ಎಲ್ರೂ ಮೈಕ್ ಕಂಡ್ರೆ ಓಡೋಯ್ತಾರೆ.’ ಈಗ ಮಾತಿಗೆ ಮುಂಚೆ ವಿಮಾನದಲ್ಲಿ ಹೇಳುವಂತೆ ಒಂದು ಸುರಕ್ಷತಾ ಪ್ರಕಟಣೆ ಮಾಡುತ್ತೇನೆ: ನನ್ನ ದನಿ ಮೂಗಿಗೆ ಹೋದರೆ ಅದು ಸ್ನಾಯು, ದುಃಖವಲ್ಲ, ಊಟದಲ್ಲಿ ನೆತ್ತಿಗೇರಿದರೆ ಸಮಾಧಾನ ಹೇಳಬೇಡಿ, ಬೆನ್ನಿಗೆ ಗುದ್ದಿ. ಈ ಪ್ರಕಟಣೆಯಿಂದ ನನ್ನ ಬೇಡಿಕೆ ಗಣನೀಯವಾಗಿ ಕುಸಿಯಿತು. ಕಾರಣ ಗೊತ್ತಾದ ಮೇಲೆ ಯಾರಿಗೂ ಅಳು ಬರುವುದಿಲ್ಲ. ಮುನಿರಾಜುವಿನ ತಂದೆ ತಮ್ಮ ಕಾಯ್ದಿರಿಸುವಿಕೆಯನ್ನು ರದ್ದು ಮಾಡಿಸಿದ್ದಾರೆಂದು ಕೇಳಿದೆ.

ಮಾತ್ರೆಯಿದ್ದರೂ ಒಂದೇ ಉಸಿರಿಗೆ ಮೂರು ನಿಮಿಷಕ್ಕಿಂತ ಹೆಚ್ಚು ನನ್ನ ಅಂಗುಳನ್ನು ನಂಬುವಂತಿಲ್ಲ. ಮೂರು ನಿಮಿಷದಲ್ಲಿ ಸರಳತೆ, ಸಮಯಪಾಲನೆ, ಹೆಗಲ ಮೇಲಿನ ಕೈ ಈ ಮೂರೂ ಹಿಡಿಸುವುದಿಲ್ಲ. ಹೊಗಳಿಕೆಗೆ ಬಹಳ ಗಾಳಿ ಬೇಕು. ಹಾಗಾಗಿ ಕರೆ ಬಂದ ದಿನದಿಂದ ತೀರಿಕೊಂಡವರ ಬಗ್ಗೆ ನನಗೆ ನಿಜವಾಗಿ ಏನು ಗೊತ್ತು ಎಂದು ಹುಡುಕುತ್ತೇನೆ. ಏನೂ ಗೊತ್ತಿಲ್ಲದಿದ್ದರೆ ಹೋಗುವುದಿಲ್ಲ. ಈ ನಿಯಮದಿಂದ ಬಹಳ ಸಲ ಮನೆಯಲ್ಲೇ ಉಳಿದಿದ್ದೇನೆ. ಹದಿನೈದು ವರ್ಷ ನಾನು ಯಾರ ಪಕ್ಕದಲ್ಲಿ ವಾಸವಾಗಿದ್ದೆ ಎಂದು ಯೋಚಿಸಿದರೆ, ಅದೂ ಒಂದು ಹೆದರಿಕೆಯೇ.

ಹೋದ ವಾರ ನಮ್ಮ ಹಿಂದಿನ ಮನೆಯ ಶಿವಣ್ಣ ತೀರಿಕೊಂಡ ಹದಿಮೂರನೆಯ ದಿನ. ಹೋಗಿದ್ದೆ. ಮೈಕಿನ ಮುಂದೆ ನಿಂತಾಗ ಮೊದಲ ಮಾತು ಬರುತ್ತದೋ ಇಲ್ಲವೋ ಎಂಬ ಹೆದರಿಕೆ ಇದ್ದೇ ಇತ್ತು. ಪ್ರಕಟಣೆ ಮುಗಿಸಿ ಹೇಳಿದೆ: ‘ಶಿವಣ್ಣನವರು ನಮ್ಮ ಮನೆಯ ಏಣಿಯನ್ನು ಆಗಾಗ ಕೇಳಿ ಒಯ್ಯುತ್ತಿದ್ದರು. ಅದೇ ದಿನ ತಂದಿಡುತ್ತಿದ್ದರು. ತರುವಾಗ ಒಂದೊಂದು ಮೆಟ್ಟಿಲನ್ನೂ ಒರೆಸಿರುತ್ತಿದ್ದರು. ನಾನು ಅವರಿಗೆ ಅದನ್ನು ಗಮನಿಸಿದ್ದೇನೆಂದು ಯಾವತ್ತೂ ಹೇಳಲಿಲ್ಲ.’ ಅಷ್ಟೇ ಗೊತ್ತಿದ್ದದ್ದು. ಕೈಮುಗಿದೆ.

ಯಾರೂ ಅಳಲಿಲ್ಲ. ಮುಂದಿನ ಸಾಲಿನಲ್ಲಿ ಕೂತಿದ್ದ ಶಿವಣ್ಣನವರ ಹೆಂಡತಿ, ಹದಿಮೂರು ದಿನದಿಂದ ಬಗ್ಗಿಸಿದ್ದ ತಲೆಯನ್ನು ಎತ್ತಿ, ಪಕ್ಕದವರಿಗೆ ಹೇಳಿದರು: ‘ಹೌದು ಕಣ್ರೀ. ನನ್ನ ಹಳೇ ಸೀರೆ ಹರಿದು ಒರೆಸ್ತಿದ್ರು. ಇನ್ನೊಬ್ಬರ ಮನೇದು, ನಮ್ಮ ಕಾಲ್ಧೂಳು ಇರ್ಬಾರ್ದು ಅಂತಿದ್ರು.’ ಹೇಳುತ್ತ ಹೇಳುತ್ತ ಅವರ ಮುಖದಲ್ಲಿ ನಗು ಬಂತು.

ಸರೋಜಾಳ ಪಕ್ಕದಲ್ಲಿ ಬಂದು ಕೂತೆ. ಅವಳು ಗಡಿಯಾರ ನೋಡಿ, ‘ಒಂದ ನಿಮಿಷನೂ ಆಗಿಲ್ರೀ’ ಎಂದು ಪಿಸುಗುಟ್ಟಿದಳು. ಮೂರು ನಿಮಿಷದಲ್ಲಿ ಎರಡಕ್ಕಿಂತ ಹೆಚ್ಚು ಉಳಿದಿತ್ತು. ಅದನ್ನು ಯಾರಿಗೆ ಖರ್ಚು ಮಾಡಬೇಕೆಂದು ನನಗೆ ಗೊತ್ತಿತ್ತು. ಎಲ್ಲಿಂದ ಶುರು ಮಾಡುವುದೆಂದು ಮಾತ್ರ ತಿಳಿಯದೆ, ಅವಳ ಪರ್ಸಿನ ಕೆಳಗೆ ನನ್ನ ಕೈಯಿಟ್ಟೆ.